ದೋಣಿ ಬಾರದ ಆಟ

ವಾಡಿಯಿಂದ ಶಹಾಬಾದಿಗೆ ಹೋಗುವ ರಸ್ತೆಯಲ್ಲಿ, ಊರು ಮುಗಿದು ಫರಸಿ ಕಲ್ಲಿನ ಗಣಿಗಳು ಶುರುವಾಗುವ ಕಡೆ, ಲಾರಿ ತೂಗುವ ಒಂದು ಕಾಟಾ ಇತ್ತು. ನೆಲದ ಮಟ್ಟಕ್ಕೆ ಹಾಸಿದ ಕಬ್ಬಿಣದ ಹಲಗೆ, ಪಕ್ಕದಲ್ಲಿ ತಗಡಿನ ಕೋಣೆ, ಕೋಣೆಯೊಳಗೆ ಒಂದು ಕಂಪ್ಯೂಟರ್ ಮತ್ತು ಸಾಯಿಕುಮಾರ. ಲಾರಿ ಬಂದು ಹಲಗೆಯ ಮೇಲೆ ನಿಂತರೆ ತೂಕ ಕಾಣಿಸುತ್ತಿತ್ತು. ಚೀಟಿ ತೆಗೆದು ಕಿಟಕಿಯಿಂದ ಹೊರಗೆ ಚಾಚಿದರೆ ಕೆಲಸ ಮುಗಿಯಿತು. ಡ್ರೈವರು ಕೆಳಗೆ ಇಳಿಯುವುದಿಲ್ಲ, ಅವನ ಕೈ ಮಾತ್ರ ಇಳಿಯುತ್ತದೆ. ಸಾಯಿಕುಮಾರನಿಗೆ ಆ ರಸ್ತೆಯ ಜನರ ಮುಖಗಳಿಗಿಂತ ಕೈಗಳ ಗುರುತು ಹೆಚ್ಚು.

ಲಾರಿ ಇಲ್ಲದ ಹೊತ್ತಿನಲ್ಲಿ ಅವನು ವಿಡಿಯೋ ಗೇಮ್ ಆಡುತ್ತಿದ್ದ. ಹೊತ್ತು ಕಳೆಯಲಿಕ್ಕಲ್ಲ. ಗುಲಬರ್ಗಾದ ಒಂದು ವಾರಪತ್ರಿಕೆಯ ಕೊನೆಯ ಪುಟದಲ್ಲಿ 'ಹಳೇ ಆಟ, ಸಣ್ಣ ಪರದೆ' ಎಂಬ ಅಂಕಣ ಬರುತ್ತಿತ್ತು. ಅದು ಅವನದು. ತೊಂಬತ್ತರ ದಶಕದಲ್ಲಿ ಟಿವಿಗೆ ಜೋಡಿಸಿ ಆಡುತ್ತಿದ್ದ ದೊಡ್ಡ ಆಟಗಳನ್ನು ಕಂಪನಿಗಳು ಎರಡು ಸಾವಿರದ ಐದರ ಹೊತ್ತಿಗೆ ಅಂಗೈಯಲ್ಲಿ ಹಿಡಿಯುವ ಯಂತ್ರಕ್ಕೆ ಮತ್ತೆ ತರುತ್ತಿದ್ದವು. ಅವುಗಳಲ್ಲಿ ಪಾತ್ರ ವಹಿಸಿ ಆಡುವ ಆಟಗಳೆಂದರೆ ಅವನಿಗೆ ಪ್ರಾಣ. ಆಡುವವನೇ ಕತೆಯ ನಾಯಕನಾಗಿ ಊರೂರು ತಿರುಗಬೇಕು, ಸಿಕ್ಕವರನ್ನೆಲ್ಲ ಮಾತಾಡಿಸಬೇಕು, ಜೊತೆಗಾರರನ್ನು ಕೂಡಿಸಿಕೊಂಡು ಕತೆಯ ತುದಿ ಮುಟ್ಟಬೇಕು. ಅಂಥ ಒಂದೊಂದನ್ನು ಪೂರ್ತಿ ಆಡಿ, ಹೇಗಿದೆ ಎಂದು ಅವನು ಬರೆಯುತ್ತಿದ್ದ.

ಮೂಲ ಆಟಗಳಲ್ಲಿ ಒಂದನ್ನೂ ಅವನು ಕಂಡವನಲ್ಲ. ಆ ಕಾಲಕ್ಕೆ ಅವನು ದಂಡೋತಿಯಲ್ಲಿದ್ದ, ಮನೆಯಲ್ಲಿ ಟಿವಿ ಇರಲಿಲ್ಲ. ಮುಂದೆ ಚಿತ್ತಾಪುರದ ಹಾಸ್ಟೆಲಿನಲ್ಲಿ ಟಿವಿ ಇತ್ತು, ಆದರೆ ಅದನ್ನಿಟ್ಟ ಕೋಣೆಯ ಕೀಲಿ ವಾರ್ಡನ್ನರ ಹತ್ತಿರ ಇತ್ತು. ಜಗತ್ತಿಗೆ ಮರುಬಿಡುಗಡೆಯಾದದ್ದು ಅವನಿಗೆ ಮೊದಲ ಬಿಡುಗಡೆ. ಇದನ್ನು ಅವನು ಓದುಗರಿಗೆ ಹೇಳಿರಲಿಲ್ಲ. ಓದುಗರು ಇದ್ದಾರೆಯೇ ಎಂಬುದೂ ಗೊತ್ತಿರಲಿಲ್ಲ. ಅಂಕಣದ ಕೆಳಗೆ ಅವನ ಮೊಬೈಲ್ ನಂಬರು ಅಚ್ಚಾಗುತ್ತಿತ್ತು, ಒಬ್ಬರೂ ಫೋನ್ ಮಾಡಿರಲಿಲ್ಲ. ಅಪ್ಪ ಭೀಮಶ್ಯಾ ಒಮ್ಮೆ ಪುಟವನ್ನು ತಿರುವಿ ನೋಡಿ, "ಆಟಾ ಆಡಿದ್ದು ಪೇಪರಿನಾಗ ಹಾಕಿ ಊರಿಗೆಲ್ಲಾ ಸಾರಾಕತ್ತಿಯಲ್ಲೋ, ನಾಚಿಕಿ ಬರಂಗಿಲ್ಲೇನು?" ಎಂದು ಕೇಳಿದ್ದ. ಆದರೂ ಪತ್ರಿಕೆ ಬಂದ ದಿನ ಸಾಯಿಕುಮಾರನಿಗೆ ತಾನು ಯಾರಿಗೋ ಒಂದು ಮಾತು ಹೇಳಿ ಮುಗಿಸಿದಂತೆ ಅನಿಸುತ್ತಿತ್ತು. ಅದೊಂದು ಕೈಬಿಟ್ಟರೆ ಅವನ ದಿನದಲ್ಲಿ ಉಳಿಯುವುದು ಲಾರಿಗಳ ನಂಬರು ಮಾತ್ರ.

ಆಟದ ಕ್ಯಾಸೆಟ್‌ಗಳು ಬರುತ್ತಿದ್ದದ್ದು ವಾಡಿ ಸ್ಟೇಷನ್ ರೋಡಿನ ಹಾಜಿಮಲಂಗನ ಅಂಗಡಿಯಿಂದ. ಅವನು ಮೊಬೈಲ್ ರಿಪೇರಿಯ ಸಾಮಾನು ತರಲು ಹೈದರಾಬಾದಿಗೆ ಹೋದಾಗ ಇವನಿಗೆಂದು ಒಂದೆರಡು ಕ್ಯಾಸೆಟ್ಟನ್ನೂ ಜೇಬಿಗಿಳಿಸಿಕೊಂಡು ಬರುತ್ತಿದ್ದ. ಆ ಬೇಸಿಗೆಯಲ್ಲಿ ತಂದದ್ದು 'ಏಳು ನದಿಗಳ ನಾಡು' ಎಂಬ ಆಟ.

ಸಾಯಿಕುಮಾರ ಅದನ್ನು ಕಾಟಾದ ಕೋಣೆಯಲ್ಲಿ ಕೂತು, ಫ್ಯಾನಿನ ಬಿಸಿಗಾಳಿಯಲ್ಲಿ ಆಡಿದ. ಒಬ್ಬ ಸೈನಿಕ ಮೂವರು ಜೊತೆಗಾರರೊಂದಿಗೆ ಒಂದೊಂದೇ ನದಿ ದಾಟಿ ಕೊನೆಯ ನದಿಗೆ ಬರುತ್ತಾನೆ. ಅಲ್ಲಿರುವ ದೋಣಿ ಸಣ್ಣದು. ಮೂವರನ್ನು ಹತ್ತಿಸಿಕೊಂಡ ಅಂಬಿಗ, ನೀನು ಇಲ್ಲೇ ಇರು, ಮತ್ತೆ ಬರುತ್ತೇನೆ ಎಂದು ಹುಟ್ಟು ಹಾಕುತ್ತಾನೆ. ಸೈನಿಕ ಕಲ್ಲಿನ ಕಟ್ಟೆಯ ಮೇಲೆ ನಿಲ್ಲುತ್ತಾನೆ. ನೀರು ಅಲುಗುತ್ತದೆ, ಸಂಗೀತ ಸುತ್ತಿ ಸುತ್ತಿ ಬರುತ್ತದೆ. ಬೇರೇನೂ ಆಗುವುದಿಲ್ಲ. ಗುಂಡಿ ಒತ್ತಿದರೆ ಅವನು ಕಟ್ಟೆಯ ಈ ತುದಿಯಿಂದ ಆ ತುದಿಗೆ ನಡೆಯುತ್ತಾನೆ, ಅಷ್ಟೇ. ಸಾಯಿಕುಮಾರ ಇಡೀ ಮಧ್ಯಾಹ್ನ ಕಾದ. ಲಾರಿಗಳು ಬಂದವು, ತೂಗಿಸಿಕೊಂಡು ಹೋದವು. ದೋಣಿ ಬರಲಿಲ್ಲ.

ಇದೇ ಮುಕ್ತಾಯ ಎಂದು ಕೊನೆಗೆ ಅವನಿಗೆ ಹೊಳೆಯಿತು. ಅಂದೇ ಬರೆಯಲು ಕೂತ. "ಉಳಿದ ಆಟಗಳು ಕೊನೆಗೆ ಕಿರೀಟ ಕೊಡುತ್ತವೆ, ಮದುವೆ ಮಾಡಿಸುತ್ತವೆ. ಇದು ನಿಮ್ಮನ್ನು ದಂಡೆಯ ಮೇಲೆ ಬಿಟ್ಟು ಹೋಗುತ್ತದೆ. ಕಾಗಿಣಾ ಹೊಳೆ ತುಂಬಿ ಬಂದು ದಂಡೋತಿಯ ಸೇತುವೆ ಮುಳುಗಿದಾಗ ಈ ಕಡೆ ಉಳಿದವರಿಗೆ ಈ ಮುಕ್ತಾಯ ಅರ್ಥವಾಗುತ್ತದೆ. ಮತ್ತೆ ಬರುತ್ತೇನೆ ಎಂದವರೆಲ್ಲ ಬರುವುದಿಲ್ಲ. ಇಷ್ಟನ್ನು ಹೇಳುವ ಧೈರ್ಯ ಮಾಡಿದ ಆಟವನ್ನು ನಾನು ಇನ್ನೊಂದು ಕಂಡಿಲ್ಲ."

ಎಂದೂ ಫೋನ್ ಮಾಡದ ಸಂಪಾದಕ ಸಂಗಣ್ಣ ಈ ಸಲ ಮಾಡಿದ. "ಏನೋ ತಮ್ಮಾ, ಈ ಸಲ ಭಾಳ ಜೋರ್ ಬರ್ದೀ. ನನಗ ಆಟ ಗೀಟ ತಿಳಿಯಂಗಿಲ್ಲ, ಖರೆ ಓದಿದ ಮ್ಯಾಲ ಒಂದು ಬೀಡಿ ಹೆಚ್ಚಿಗಿ ಸೇದಿದೆ ನೋಡು."

ಪತ್ರಿಕೆ ಹೊರಬಂದ ಮರುದಿನ ಇನ್ನೊಂದು ಫೋನ್ ಬಂತು.

"ಆಟದ ಬಗ್ಗೆ ಬರಿಯೋ ಸಾಯಿಕುಮಾರ ಅವರೇನ್ರಿ? ನಾ ಶುಭಾ ಅಂತ, ಆದಿತ್ಯನಗರದಾಗ ಸಾಲಿ ಟೀಚರ್ ಇದ್ದೀನಿ. 'ಏಳು ನದಿ' ನೀವು ಪೂರ್ತಿ ಆಡೀರೇನು?"

"ಪೂರ್ತಿ ಆಡಿನೇ ಬರ್ದೀನ್ರಿ ಮೇಡಂ," ಎಂದ ಸಾಯಿಕುಮಾರ. ಮೊದಲ ಓದುಗಾರ್ತಿ.

"ಸುಳ್ಳು ಹೇಳಬ್ಯಾಡ್ರಿ. ದೋಣಿ ವಾಪಸ್ ಬರ್ತದ."

"ಇಲ್ರಿ, ಬರಂಗಿಲ್ಲ."

"ಬರ್ತದ್ರೀ! ಸ್ವಲ್ಪ ಹೊತ್ತು ತಡೀಬೇಕು. ನಿಮಗ ತಡೀಲಿಕ್ಕೆ ಆಗಿಲ್ಲ. ಆಟ ಬಂದ್ ಮಾಡಿ ಬರೀಲಿಕ್ಕೆ ಕೂತೀರಿ."

"ಮಧ್ಯಾಹ್ನ ಪೂರ್ತಿ ನಿಂತೀನ್ರಿ ಆ ಕಟ್ಟಿ ಮ್ಯಾಲ."

ಆಕೆ, "ಮಧ್ಯಾಹ್ನ ಪೂರ್ತಿ?" ಎಂದು ಕೇಳಿದಳು. ದನಿ ತಗ್ಗಿತ್ತು. "ಹಂಗಾರ ರವಿವಾರ ಬರ್ರಿ. ನಿಮ್ಮ ಕ್ಯಾಸೆಟ್ ತೊಗೊಂಡು ಬರ್ರಿ."

ರವಿವಾರ ಅವನು ಪ್ಯಾಸೆಂಜರ್ ರೈಲು ಹಿಡಿದು ಮಳಖೇಡ ರೋಡ್ ಸ್ಟೇಷನ್ನಿನಲ್ಲಿ ಇಳಿದು, ಟಂಟಂ ಆಟೋ ಹತ್ತಿ ಆದಿತ್ಯನಗರಕ್ಕೆ ಹೋದ. ಸಿಮೆಂಟ್ ಕಾರ್ಖಾನೆಯವರ ಕಾಲನಿ. ಒಂದೇ ಬಣ್ಣದ ಮನೆಗಳು, ಎಲೆಗಳ ಮೇಲೆಲ್ಲ ಬೂದಿಬಣ್ಣದ ಧೂಳು. ಶುಭಾ ತಮ್ಮ ಶ್ರೀರಾಮನ ಕ್ವಾರ್ಟರ್ಸಿನಲ್ಲಿ ಇದ್ದಳು. ಶ್ರೀರಾಮ ಡ್ಯೂಟಿಗೆ ಹೋಗಿದ್ದ. ಬಾಗಿಲು ತೆರೆದದ್ದು ಅವನ ಹೆಂಡತಿ ಧನಶ್ರೀ.

"ಬರ್ರಿ, ಕೂಡ್ರಿ. ಶುಭಾಕ್ಕಾ, ನಿಮ್ಮ ಆಟದವರು ಬಂದಾರ," ಎಂದು ಒಳಗೆ ಕೂಗಿ, ಇವನ ಕಡೆ ತಿರುಗಿದಳು. "ನೀವರೆ ಸ್ವಲ್ಪ ಬುದ್ಧಿ ಹೇಳ್ರಿ. ನಲವತ್ತು ಆಗ್ಲಿಕ್ಕೆ ಬಂತು, ಸಾಲಿಯಿಂದ ಬಂದ ಕೂಡ್ಲೆ ಅದನ್ನ ಹಿಡ್ಕೊಂಡು ಕೂಡ್ತಾರ. ಕರದ್ರ ಓ ಅನ್ನಂಗಿಲ್ಲ."

"ಅವರಿಗೇನು ಹೇಳಸ್ತಿ ಧನಶ್ರೀ, ಅವರು ನನಕಿಂತ ದೊಡ್ಡ ಹುಚ್ಚರು," ಎನ್ನುತ್ತ ಶುಭಾ ಹೊರಬಂದಳು. ತೆಳ್ಳಗಿನ ಹೆಂಗಸು, ಬಿಗಿಯಾಗಿ ಹೆಣೆದ ಜಡೆ, ಕನ್ನಡಕ. ಕೈಯಲ್ಲಿ ಯಂತ್ರ. "ಇದು ನಂದಲ್ರಿ. ಎಂಟನೇತ್ತೆ ಹುಡುಗನ ಕಡಿಂದ ಕಸಗೊಂಡಿದ್ದೆ, ಪಾಠ ನಡದಾಗ ಡೆಸ್ಕಿನ ಕೆಳಗ ಆಡ್ಲಿಕತ್ತಿದ್ದ. ಅಪ್ಪನ್ನ ಕರಕೊಂಡು ಬಾ, ಕೊಡ್ತೀನಿ ಅಂದೆ. ಅವರಪ್ಪಗ ವರ್ಗ ಆಗಿ ರಾಜಸ್ಥಾನಕ್ಕ ಹೋದ್ರು. ಸೂಟಿಯೊಳಗ ಒಂದಿನ ಏನದ ನೋಡೋಣು ಅಂತ ಹಚ್ಚಿದೆ."

"ಯಾವೂರ್ರಿ ನಿಮ್ಮದು? ಅಪ್ಪಾರ ಹೆಸರೇನು?" ಎಂದು ಧನಶ್ರೀ ಕೇಳಿದಳು.

ಸಾಯಿಕುಮಾರ ಊರು ಹೇಳಿದ, ಅಪ್ಪನ ಹೆಸರು ಹೇಳಿದ. ತಿಳಿಯಬೇಕಾದದ್ದು ಆಕೆಗೆ ತಿಳಿಯಿತು. ಚಹಾ ವರಾಂಡಕ್ಕೇ ಬಂತು. ಒಳಗೆ ಬರ್ರಿ ಎಂದು ಯಾರೂ ಅನ್ನಲಿಲ್ಲ. ಅವನು ಅದನ್ನು ನಿರೀಕ್ಷಿಸಿಯೂ ಇರಲಿಲ್ಲ.

ವರಾಂಡದ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತು, ಮೊದಲು ಆ ಹುಡುಗನ ಕ್ಯಾಸೆಟ್ ಹಾಕಿ ಇಬ್ಬರೂ ಸಣ್ಣ ಪರದೆಯನ್ನು ನೋಡಿದರು. ಅಂಬಿಗ ಮೂವರನ್ನು ಹತ್ತಿಸಿಕೊಂಡು ಹೋದ. ಸೈನಿಕ ಒಬ್ಬನೇ ನಿಂತ. ಚಹಾ ಆರುವುದರೊಳಗೆ ದೋಣಿ ಬಂತು. ಆಚೆ ದಂಡೆಯಲ್ಲಿ ಜನ ಕೂಡಿದ್ದರು, ಹಣತೆಗಳಿದ್ದವು, ಊಟ ಇತ್ತು, ರಾಜನಿದ್ದ. ಜೊತೆಗಾರರು ಒಬ್ಬೊಬ್ಬರಾಗಿ ಒಂದೊಂದು ಒಳ್ಳೆಯ ಮಾತು ಆಡಿದರು. ಆಮೇಲೆ ಆಟ ತಯಾರಿಸಿದವರ ಹೆಸರುಗಳು ಬಂದವು.

"ಇಷ್ಟೇನ್ರಿ?" ಎಂದ ಸಾಯಿಕುಮಾರ.

"ಇಷ್ಟ."

ಅವನ ಕ್ಯಾಸೆಟ್ ಹಾಕಿದರು. ಅದೇ ಕಟ್ಟೆ, ಅದೇ ನೀರು. ಚಹಾದ ಗ್ಲಾಸುಗಳು ತಣ್ಣಗಾದವು. ಧನಶ್ರೀ ಬಂದು ತೆಗೆದುಕೊಂಡು ಹೋದಳು. ದೋಣಿ ಇಲ್ಲ. ಶುಭಾ ಕ್ಯಾಸೆಟ್ ಹೊರತೆಗೆದು ಬಿಸಿಲಿಗೆ ಹಿಡಿದಳು. ಅಂಟಿಸಿದ ಚಿತ್ರ ಮಸುಕಾಗಿತ್ತು, ಕಂಪನಿಯ ಹೆಸರಿನಲ್ಲಿ ಒಂದು ಅಕ್ಷರವೇ ಬೇರೆ. ಹುಡುಗನ ಕ್ಯಾಸೆಟ್ಟನ್ನು ಪಕ್ಕದಲ್ಲಿಟ್ಟಾಗ ವ್ಯತ್ಯಾಸ ಎದ್ದು ಕಂಡಿತು.

"ಡೂಪ್ಲಿಕೇಟ್," ಎಂದಳು. "ನಿಮ್ಮದು ಓದಿ ನಾ ಏನು ಮಾಡೀನಿ ಗೊತ್ತದ? ಮೊದಲಿಂದ ಮತ್ತ ಸುರು ಮಾಡ್ದೆ. ಒಂದೇ ದಿನದಾಗ ಎರಡು ನದಿ ದಾಟಿದೆ. ಎಲ್ಲೋ ಬ್ಯಾರೆ ದಾರಿ ಹಿಡದ್ರ ಆ ಕೊನಿ ಸಿಗ್ತದೇನೋ ಅಂತ. ಆಮ್ಯಾಲೆ ಸಿಟ್ಟು ಬಂದು ನಿಮಗ ಫೋನ್ ಮಾಡ್ದೆ."

"ನಿಮಗ ಯಾಕ ಬೇಕಾಗಿತ್ತು ಆ ಕೊನಿ?"

ಶುಭಾ ಒಳಬಾಗಿಲಿನ ಕಡೆ ಒಮ್ಮೆ ನೋಡಿದಳು. "ಖರೇ ಅನಸ್ತು," ಎಂದಳು. ತಕ್ಷಣವೇ ಟೀಚರಿನ ದನಿಗೆ ಮರಳಿದಳು. "ಅದು ಇರ್ಲಿ. ನೀವು ಬರ್ದದ್ದು ತಪ್ಪು ಅದ. ಪೇಪರಿನಾಗ ತಪ್ಪಾಗ್ಯದ ಅಂತ ಹಾಕಸ್ರಿ."

"ಹಾಕ್ಸಿದ್ರ ಅಂಕಣ ಹೋಗ್ತದ್ರಿ ಮೇಡಂ. ನಕಲಿ ಮಾಲು ಆಡಿ ಬರಿಯೋನಿಗೆ ಯಾರ್ ಜಾಗಾ ಕೊಡ್ತಾರ? ನನಗ ಅದೊಂದೇ ಅದ."

"ಬೋರ್ಡಿನ ಮ್ಯಾಲೆ ತಪ್ಪು ಬರದ್ರ ನಾ ಮಕ್ಕಳ ಮುಂದನ ಅಳಸ್ತೀನಿ, ನಗ್ತಾವ, ನಗ್ಲಿ. ನೀವು ಅಳಸಲಿಲ್ಲಂದ್ರ ಮುಂದಿನ ವಾರ ನೀವು ಬರ್ದದ್ದು ನಾ ಹ್ಯಾಂಗ ನಂಬಲಿ?"

ಇದ್ದೊಬ್ಬ ಓದುಗಾರ್ತಿ ಹೀಗೆ ಕೇಳಿದ ಮೇಲೆ ಅವನು ಕ್ಯಾಸೆಟ್ ಜೇಬಿಗೆ ಹಾಕಿಕೊಂಡು ಎದ್ದ.

ವಾಡಿಯಲ್ಲಿ ಇಳಿದವನು ನೆಟ್ಟಗೆ ಹಾಜಿಮಲಂಗನ ಅಂಗಡಿಗೆ ಹೋದ. ಹಾಜಿಮಲಂಗ ಒಂದು ಮೊಬೈಲಿನ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದ. ಕಣ್ಣೆತ್ತಲಿಲ್ಲ.

"ಅರೇ ಭಾಯ್, ಅಸಲಿ ಅಂತ ನಾ ಯಾವಾಗ ಹೇಳೀನಿ? ಚಲತೈತಿ ಅಂದಿದ್ದೆ. ನಡೀತೋ ಇಲ್ಲೋ? ಸಣ್ಣ ಚಿಪ್ಪಿನಾಗ ದೊಡ್ಡ ಆಟ ಕೂಡ್ಸಬೇಕಂದ್ರ ಹಿಂದಿನ ತುಂಡು ಕತ್ತರಸ್ತಾರ. ಕೊನಿತನಕ ಯಾರ್ ಆಡ್ತಾರ ಅಂತ. ನೀ ಒಬ್ಬಾಂವ ಆಡಿದಿ, ಅದಕ್ಕ ನಾ ಏನ್ ಮಾಡ್ಲಿ?"

ಸಾಯಿಕುಮಾರ ತನ್ನ ಬರಹವನ್ನು ಮತ್ತೆ ಓದಿದ. ಈಗಲೂ ಅದು ಚೆನ್ನಾಗಿಯೇ ಇತ್ತು. ಅವನಿಗೆ ಹೆಚ್ಚು ಕಷ್ಟವಾದದ್ದು ಅದೇ. ಅವನು ಬರೆದದ್ದರಲ್ಲೆಲ್ಲ ಉತ್ತಮವಾದದ್ದು, ಯಾರೋ ಜಾಗ ಸಾಲದೆ ಕತ್ತರಿಸಿ ಎಸೆದ ಚೂರಿನ ಬಗ್ಗೆ ಇತ್ತು. ಬೇರೆ ಯಾರೇ ಆಗಿದ್ದರೂ ಆಟ ಕೆಟ್ಟಿದೆ ಎಂದು ಕ್ಯಾಸೆಟ್ ವಾಪಸು ಒಯ್ಯುತ್ತಿದ್ದರು. ಇವನು ಅದನ್ನು ಜೀವನ ಅಂದುಕೊಂಡ.

ಸಂಗಣ್ಣ ವಿಷಯ ಕೇಳಿ ನಕ್ಕ. "ಒಬ್ಬ ಟೀಚರಬಾಯಿ ಸಲುವಾಗಿ ಇಷ್ಟು ತಲಿ ಕೆಡಿಸ್ಕೊಂಡಿ? ಆ ಪುಟ ಯಾರು ಓದ್ತಾರೋ ಮಾರಾಯಾ. ಜಾಹೀರಾತು ಕಡಿಮಿ ಬಿದ್ದಾಗ ತುಂಬಸಾಕ ನಿನ್ನ ಅಂಕಣ. ಸುಮ್ಮ ಇರು."

"ಅವರು ಓದ್ಯಾರಲ್ರಿ."

"ನಕಲಿ ಕ್ಯಾಸೆಟ್ ಅಂತ ಅಚ್ಚು ಹಾಕಿದ್ರ ಮಾಲಕರು ನನ್ನ ಕೇಳ್ತಾರ. ಮುಂದ ಅಂಕಣ ನಡ್ಸಾಕ ಆಗಂಗಿಲ್ಲ. ಮೊದಲ ಹೇಳೀನಿ, ಆಮ್ಯಾಲ ನನ್ನ ಮ್ಯಾಲ ಬರಬ್ಯಾಡ."

ಹಿಂದೆ ಸರಿಯಲು ಅದು ಒಳ್ಳೆಯ ಹೊತ್ತು. ಸಾಯಿಕುಮಾರ ಹಿಂದೆ ಸರಿಯಲಿಲ್ಲ. ಧೈರ್ಯವೇನೂ ಅಲ್ಲ. ಮುಂದಿನ ವಾರ ಬೇರೆ ಆಟದ ಬಗ್ಗೆ ಬರೆಯುವಾಗ ಪ್ರತಿ ಸಾಲಿನ ಆಚೆ ಆ ಕನ್ನಡಕ ಕಾಣುತ್ತದೆ ಎಂದು ಅವನಿಗೆ ಖಾತ್ರಿಯಿತ್ತು. "ಹಾಕ್ರಿ ಸರ್," ಎಂದ.

ಗುರುವಾರದ ಪತ್ರಿಕೆಯಲ್ಲಿ ಪುಟದ ಕೆಳಮೂಲೆಯಲ್ಲಿ ತಿದ್ದುಪಡಿ ಬಂತು. ಲೇಖಕರು ಆಡಿದ್ದು ನಕಲಿ ಪ್ರತಿ, ಆಟದ ನಿಜವಾದ ಮುಕ್ತಾಯ ಸುಖಾಂತ, ವಿಷಾದಿಸುತ್ತೇವೆ. ಮುಂದಿನ ವಾರ ಅಂಕಣದ ಜಾಗದಲ್ಲಿ ಸೇಡಂನ ಒಂದು ಬಟ್ಟೆ ಅಂಗಡಿಯ ಜಾಹೀರಾತು ಇತ್ತು.

ಅವನು ಶುಭಾಳ ಫೋನಿಗೆ ಕಾದ. ಬರಲಿಲ್ಲ. ಕೊನೆಗೆ ತಾನೇ ಮಾಡಿದ.

"ಓದಿದೆ," ಎಂದಳು ಶುಭಾ. "ಛಲೋ ಮಾಡಿದ್ರಿ."

"ಅಂಕಣ ನಿಂತದ್ರಿ."

"ಹೂಂ. ನೋಡ್ದೆ."

ತಪ್ಪು ಇದ್ದಾಗ ಇಬ್ಬರಿಗೂ ಮಾತಾಡಲು ಬೇಕಾದಷ್ಟಿತ್ತು. ಈಗ ತಪ್ಪು ಇರಲಿಲ್ಲ.

"ಮತ್ತೊಂದು ಆಟ ಬಂದದ್ರಿ. ನಿಮಗ ಬೇಕಂದ್ರ ನಾ ಆಡಿ ಮುಗದ ಮ್ಯಾಲ ತಂದು—"

"ಬ್ಯಾಡ್ರಿ," ಎಂದಳು ಬೇಗನೆ. ಆಮೇಲೆ ನಿಧಾನಕ್ಕೆ, "ನೀವು ಬಂದು ಹೋದ ಮ್ಯಾಲೆ ಮನ್ಯಾಗ ಸ್ವಲ್ಪ ಮಾತಾತು. ಧನಶ್ರೀದು ಏನಿಲ್ಲ, ತಮ್ಮಗ ಸರಿ ಅನಸಲಿಲ್ಲ. ಫೋನೂ ಬ್ಯಾಡ್ರಿ. ತಪ್ಪು ತಿಳೀಬ್ಯಾಡ್ರಿ."

"ಇಲ್ರಿ," ಎಂದ ಸಾಯಿಕುಮಾರ.

ಫೋನ್ ಇಟ್ಟು ಅವನು ಯಂತ್ರ ತೆರೆದ. ಹೊಸ ಆಟದ ಮೊದಲ ಊರಿನಲ್ಲಿ, ಬಾವಿಯ ಹತ್ತಿರ, ಒಬ್ಬ ಕುಂಬಾರನಿದ್ದ. ಮಾತಾಡಿಸಿದರೆ, ಬಿಸಿಲು ಜಾಸ್ತಿ ಇದೆ, ನೀರು ಕುಡಿದು ಹೋಗಪ್ಪ ಎನ್ನುತ್ತಿದ್ದ. ಎರಡನೇ ಸಲ ಮಾತಾಡಿಸಿದರೂ ಅದನ್ನೇ ಅಂದ. ಪಾತ್ರಗಳಿಗೆ ಒಂದೇ ಮಾತು ಬರೆದು ಕೈತೊಳೆದುಕೊಂಡಿದ್ದಾರೆ ಎಂಬ ಸಾಲು ಸಾಯಿಕುಮಾರನ ತಲೆಯಲ್ಲಿ ತಾನಾಗಿ ಮೂಡಿ, ಹೋಗಲು ಜಾಗವಿಲ್ಲದೆ ಅಲ್ಲೇ ನಿಂತಿತು. ಅವನು ಮತ್ತೊಮ್ಮೆ ಗುಂಡಿ ಒತ್ತಿದ. ನೀರು ಕುಡಿದು ಹೋಗಪ್ಪ ಎಂದ ಕುಂಬಾರ. ಇನ್ನೊಮ್ಮೆ ಒತ್ತಿದ.

ಹೊರಗೆ ಲಾರಿ ಎರಡು ಸಲ ಹಾರನ್ ಹೊಡೆಯಿತು. ಅವನು ಚೀಟಿ ತೆಗೆದು ಕಿಟಕಿಯಿಂದ ಚಾಚಿದ. ಮೇಲಿನಿಂದ ಒಂದು ಕೈ ಇಳಿದು ತೆಗೆದುಕೊಂಡಿತು.