ನಾಲ್ಕು ದಾಟಿದವರ ಹಾಸಿಗೆ

ಐಸಿಯುನಲ್ಲಿ ಹಾಸಿಗೆ ಬೇಕಾದರೆ ಸಾಯುವ ಹಾಗೆ ಕಂಡರೆ ಸಾಲದು, ರಕ್ತವೂ ಅದನ್ನು ಒಪ್ಪಿಕೊಳ್ಳಬೇಕು. ಇದು ಆ ಆಸ್ಪತ್ರೆಯ ಹೊಸ ನಿಯಮ. ನಮ್ಮ ಭಾವನ ತುಟಿ ನೀಲಿಗಟ್ಟಿತ್ತು, ಎದೆ ಕಮ್ಮಾರನ ತಿದಿಯ ಹಾಗೆ ಏರಿಳಿಯುತ್ತಿತ್ತು, ಮೈ ಮುಟ್ಟಿದರೆ ಕೈ ಸುಡುತ್ತಿತ್ತು. ಅವರ ರಕ್ತ ಮಾತ್ರ ಅಂಥದ್ದೇನೂ ಆಗಿಲ್ಲ ಎಂದು ಹಟ ಹಿಡಿದಿತ್ತು. ಹಾಗಾಗಿ ಅವರು ಬೆಳಗಿನಿಂದ ಕೆಳಗಿನ ಕಾರಿಡಾರಿನಲ್ಲಿ, ಒಂದು ಚಕ್ರ ಕಿರುಗುಟ್ಟುವ ಸ್ಟ್ರೆಚರ್ ಮೇಲೆ ಬಿದ್ದಿದ್ದರು. ಪಕ್ಕದಲ್ಲಿ ಅಕ್ಕ ನಿಂತಿದ್ದಳು. ನಾನು ಡಾಕ್ಟರಮ್ಮನ ಹತ್ತಿರ ಕೂಗಾಡುತ್ತಿದ್ದೆ. ಬಸ್ ಕಂಡಕ್ಟರ್ ಆದ ನನಗೆ ಅದೊಂದು ಚೆನ್ನಾಗಿ ಬರುತ್ತದೆ.

"ಲ್ಯಾಕ್ಟೇಟ್ ಅಂತ ಒಂದಿರುತ್ತೆ. ಮೈಗೆ ಉಸಿರು ಸಾಲದೆ ಹೋದಾಗ ರಕ್ತದಲ್ಲಿ ಏರುತ್ತೆ. ನಾಲ್ಕು ದಾಟಿದವರಿಗೆ ಮಾತ್ರ ಮೇಲೆ ಹಾಸಿಗೆ. ಇವರದು ಮೂರೂವರೆ" ಎಂದರು ಡಾಕ್ಟರಮ್ಮ.

"ಮೂರೂವರೆಯಂತೆ ಮೂರೂವರೆ! ಚಪ್ಪಲಿ ಅಳತೆಯೇನ್ರೀ ಇದು? ಮನುಷ್ಯನ ಮುಖ ನೋಡ್ರೀ!"

"ಮುಖ ನೋಡಿ ಕೊಡೋದನ್ನ ನಿಲ್ಲಿಸಿದ್ದಾರೆ. ಬೇಕಾದವರಿಗೇ ಕೊಡ್ತಾರೆ ಅಂತ ಜನ ದೂರು ಹೇಳಿದ್ರಲ್ಲ?"

"ಹಾಗಾದ್ರೆ ಈಗಷ್ಟೇ ಒಬ್ಬ ಮೇಲೆ ಹೋದನಲ್ಲ, ನರ್ಸಮ್ಮನಿಗೆ ಬೈತಾ, ಗೂಳಿ ಥರ? ಅವನಿಗೇನಾಗಿತ್ತು?"

ಡಾಕ್ಟರಮ್ಮ ದನಿ ಇಳಿಸಿದರು. "ಸೂಜಿ ಚುಚ್ಚೋವಾಗ ಜಗಳ ಆಡಿದ. ಮುಷ್ಟಿ ಬಿಗಿದು ಒದ್ದಾಡಿದ್ರೂ ಅಂಕಿ ಏರುತ್ತೆ. ನಾಲ್ಕು ಪಾಯಿಂಟ್ ಮೂರು ಬಂತು. ಮತ್ತೆ ತೆಗೆಯೋಣ ಅಂದೆ, ಕೇಳೋರ್ಯಾರು? ಅಂಕಿ ಅಂಕಿಯೇ. ಈಗ ಮೇಲೆ ಕೂತು ಟೀ ಆರಿದೆ ಅಂತ ಕಿರುಚ್ತಾ ಇದ್ದಾನೆ." ನನ್ನ ಮುಖವನ್ನೊಮ್ಮೆ, ಭಾವನ ಮುಖವನ್ನೊಮ್ಮೆ ನೋಡಿದರು. "ಮೇಲೆ ಉಳಿದಿರೋದು ಒಂದೇ ಹಾಸಿಗೆ. ನಾನು ನಿಮಗೆ ಏನೂ ಹೇಳಿಲ್ಲ. ನೀರು ಕುಡಿದು ಬರ್ತೀನಿ. ಅಷ್ಟರಲ್ಲಿ ನರ್ಸ್ ಇನ್ನೊಂದು ಸಲ ರಕ್ತ ತೆಗೀತಾರೆ."

ನನಗೆ ತಿಳಿಯಿತು. ಅಕ್ಕನನ್ನು ಗೋಡೆಯ ಕಡೆ ಎಳೆದೆ.

"ಅಕ್ಕಾ, ಭಾವನಿಗೆ ಕೋಪ ಬರಿಸಬೇಕು."

"ನಿಮ್ಮ ಭಾವನಿಗಾ?" ಅಕ್ಕ ಬಾಯಿ ಬಿಟ್ಟಳು. "ಮದುವೆಯಾದಾಗಿನಿಂದ ನಾನೂ ಅದನ್ನೇ ಪ್ರಯತ್ನಿಸ್ತಾ ಇದ್ದೀನಲ್ಲೋ."

ಅದು ನಿಜ. ಭಾವ ಅಂಗಡಿಗಳ ತಕ್ಕಡಿ ರಿಪೇರಿ ಮಾಡುವವರು. ಒಮ್ಮೆ ಯಾರೋ ಅವರ ಕಾಲಿನ ಮೇಲೆ ತೂಕದ ಕಲ್ಲು ಬೀಳಿಸಿದಾಗ, ಕಲ್ಲಿಗೆ ಪೆಟ್ಟಾಯಿತೇ ಎಂದು ನೋಡಿದ ಮನುಷ್ಯ. ಆದರೂ ಬೇರೆ ದಾರಿ ಇರಲಿಲ್ಲ. ನರ್ಸ್ ತೋಳಿಗೆ ಪಟ್ಟಿ ಕಟ್ಟಿ ಸೂಜಿ ಹಿಡಿದು ನಿಂತಳು.

"ಬೈಯೋದಾದ್ರೆ ಬೇಗ ಬೈರಿ. ನನಗೆ ಬೇರೆ ಕೆಲಸ ಇದೆ."

ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ರೀ! ನಿಮ್ಮಮ್ಮ ಗಯ್ಯಾಳಿ!"

ಭಾವ ಕಣ್ಣು ತೆರೆದರು. "ಹೌದು... ಪಾಪ, ನಿನಗೆ ತುಂಬ ಕಷ್ಟ ಕೊಟ್ಟಳು."

"ನಿಮ್ಮಂಥ ಕೈಲಾಗದವರನ್ನ ಕಟ್ಕೊಂಡು ನನ್ನ ಬಾಳು ಹಾಳಾಯ್ತು!"

"ನಾನೂ... ಅದನ್ನೇ ಯೋಚಿಸ್ತಿದ್ದೆ."

ನಾನು ನುಗ್ಗಿದೆ. ದಂಡಪಿಂಡ ಎಂದೆ, ಹೆಡ್ಡ ಎಂದೆ, ಬಸ್ಸಿನಲ್ಲಿ ಚಿಲ್ಲರೆಗೆ ಜಗಳವಾದಾಗ ಆಡುವ ಮಾತುಗಳನ್ನೆಲ್ಲ ಆಡಿದೆ. ಭಾವ ಏದುಸಿರಿನ ನಡುವೆಯೇ ಕೈ ಎತ್ತಿ, "ತಮ್ಮಾ, ಗಂಟಲು ಒಣಗಿದೆ ನಿಂಗೆ. ನೀರು ಕುಡಿ" ಎಂದರು. ಪಕ್ಕದ ಸ್ಟ್ರೆಚರಿನ ಮುದುಕಿ ಎದ್ದು ಕೂತು, ತನ್ನ ಸೊಸೆಗೆಂದು ಕೂಡಿಟ್ಟುಕೊಂಡಿದ್ದ ಒಂದೆರಡು ಬೈಗುಳಗಳನ್ನು ನಮಗೆ ಧಾರಾಳವಾಗಿ ಕೊಟ್ಟಳು. ಕೇಳಿದರೆ ಕಿವಿಯಲ್ಲಿ ಹುಳ ಬೀಳಬೇಕು, ಹಾಗಿದ್ದವು. ಭಾವ ಅವಳಿಗೂ ತಲೆಯಾಡಿಸಿದರು. ನರ್ಸ್ ಗಡಿಯಾರ ನೋಡಿದಳು.

ಅಕ್ಕನಿಗೆ ಇನ್ನು ತಡೆಯಲಾಗಲಿಲ್ಲ. ಅಳುತ್ತ ಸ್ಟ್ರೆಚರಿನ ಕಂಬಿ ಹಿಡಿದುಕೊಂಡಳು.

"ರೀ, ನಿಮ್ಮ ದಮ್ಮಯ್ಯ, ಒಂದು ಚೂರು ಕೋಪ ಮಾಡ್ಕೊಳ್ರೀ. ಕೈ ಬಿಗಿದು ಒದ್ದಾಡಿದ್ರೆ ಅಂಕಿ ಏರುತ್ತಂತೆ. ನಾಲ್ಕು ದಾಟಿದ್ರೆ ಹಾಸಿಗೆ ಕೊಡ್ತಾರಂತೆ."

ಭಾವ ಅವಳನ್ನೇ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಆ ಮುಖವನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

"ಏನಂದೆ? ನನ್ನ ರಕ್ತಕ್ಕೆ... ಕಲ್ಲು ಕಟ್ಟಿ ತೂಗ್ತೀರಾ?"

"ಭಾವ, ಅದು..."

"ಮುಚ್ಚೋ ಬಾಯಿ! ಕಳ್ಳತೂಕ! ನನ್ನ ಮನೇಲಿ! ಸತ್ತರೂ ಪರವಾಗಿಲ್ಲ... ಕಳ್ಳತೂಕದ ಹೆಣ ಆಗಲ್ಲ ನಾನು!" ಮುಷ್ಟಿ ಬಿಗಿದು ಕಂಬಿಗೆ ಗುದ್ದಿದರು. ಕುತ್ತಿಗೆಯ ನರ ಉಬ್ಬಿತು. ನರ್ಸ್ ಜಾಣೆ, ಅದೇ ಸಮಯಕ್ಕೆ ಸೂಜಿ ಇಳಿಸಿಬಿಟ್ಟಳು.

ಯಂತ್ರ ಇದ್ದದ್ದು ಪಕ್ಕದ ಕೋಣೆಯಲ್ಲೇ. ಸ್ವಲ್ಪ ಹೊತ್ತಿಗೆ ಅವಳು ಬಾಗಿಲಿನಿಂದಲೇ ಕೂಗಿದಳು. "ನಾಲ್ಕು ಪಾಯಿಂಟ್ ಎರಡು!"

ಕಾರಿಡಾರ್ ಚಪ್ಪಾಳೆ ತಟ್ಟಿತು. ನಾನು ಸಿಳ್ಳೆ ಹೊಡೆದೆ, ಸುಳ್ಳೇಕೆ ಹೇಳಲಿ. ಸ್ಟ್ರೆಚರ್ ತಳ್ಳುವವನು ಓಡಿ ಬಂದ. ಡಾಕ್ಟರಮ್ಮ ಎಲ್ಲಿದ್ದರೋ, ಅವರೂ ಬಂದರು. ಎಲ್ಲರೂ ಸೇರಿ ಭಾವನನ್ನು ಲಿಫ್ಟಿನವರೆಗೆ ತಳ್ಳಿದೆವು. ಅಲ್ಲಿ ಭಾವ ಎರಡೂ ಕೈಯಿಂದ ಬಾಗಿಲಿನ ಚೌಕಟ್ಟು ಹಿಡಿದುಬಿಟ್ಟರು.

"ನಾನು ಬರಲ್ಲ. ಮುಳ್ಳು ನಿಲ್ಲೋ ಮೊದಲೇ... ಓದಿದ್ದೀರಿ. ಇನ್ನೊಂದ್ಸಲ ತೂಗಿ."

"ಭಾವ, ಕಾಲಿಗೆ ಬೀಳ್ತೀನಿ, ಕೈ ಬಿಡಿ!"

"ಪಟ್ಟಿ ಕಟ್ಟಬಾರದು. ಕೈ ಸಡಿಲ ಬಿಟ್ಟಿರ್ತೀನಿ. ಯಾರೂ ಮಾತಾಡಬಾರದು."

ನನ್ನ ಪಿತ್ತ ನೆತ್ತಿಗೇರಿತು. ಸಾಯಲು ಬಿದ್ದ ಮನುಷ್ಯನ ಬೆರಳುಗಳನ್ನು ಒಂದೊಂದಾಗಿ ಬಿಡಿಸಲು ಹೋದೆ. ಬಿಡಿಸಲಾಗಲಿಲ್ಲ. ತಳ್ಳುವವನೂ ಸೇರಿಕೊಂಡ, ಆದರೂ ಆಗಲಿಲ್ಲ. ಕೊನೆಗೆ ಡಾಕ್ಟರಮ್ಮನೇ, "ತೆಗೀರಿ ಸಿಸ್ಟರ್, ಇಲ್ಲಾಂದ್ರೆ ಇಲ್ಲೇ ಹೋಗ್ತಾರೆ" ಎಂದರು.

ಭಾವ ಕೈ ಬಿಟ್ಟು ಅಂಗೈ ಮೇಲೆ ಮಾಡಿ ಚಾಚಿದರು. ಕಣ್ಣು ಮುಚ್ಚಿ, ಕೆಮ್ಮು ಬಂದರೂ ನುಂಗಿಕೊಂಡು, ಅಲುಗಾಡದೆ ಬಹಳ ಹೊತ್ತು ಮಲಗಿದರು. ನರ್ಸ್ ಪಟ್ಟಿಯಿಲ್ಲದೆ ನಿಧಾನವಾಗಿ ರಕ್ತ ತೆಗೆದುಕೊಂಡು ಹೋದಳು. ಮೂರೂವರೆಗೆ ಇಳಿದರೆ ಏನು ಗತಿ? ಯಂತ್ರದ ಕೋಣೆಗೆ ನುಗ್ಗಿ ಅದನ್ನೇ ಒಡೆದುಹಾಕುವುದು ಎಂದು ತೀರ್ಮಾನಿಸಿ ಕಾಯುತ್ತ ನಿಂತೆ.

ನರ್ಸ್ ಈ ಸಲ ಬಾಗಿಲಿನಿಂದ ಕೂಗಲಿಲ್ಲ. ಹತ್ತಿರ ಬಂದು ಮೆಲ್ಲಗೆ ಹೇಳಿದಳು.

"ಐದು ಪಾಯಿಂಟ್ ಒಂದು."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಡಾಕ್ಟರಮ್ಮ ಭಾವನ ಮಣಿಕಟ್ಟು ಹಿಡಿದು, "ನಡೀರಿ, ನಡೀರಿ, ಬೇಗ" ಎಂದರು. ಅವರ ದನಿಯೇ ಬದಲಾಗಿತ್ತು.

ಭಾವನ ಮುಖ ಮಾತ್ರ ತಿಳಿಯಾಯಿತು. "ಹಾಂ. ಇದು ಸರಿಯಾದ ತೂಕ. ಈಗ ತಳ್ಳಿ" ಎಂದು ಕಾಲು ನೀಡಿದರು.

ಅಕ್ಕ ನನ್ನ ತೋಳು ಹಿಡಿದೆಳೆದಳು. "ನಾಲ್ಕಕ್ಕಿಂತ ಜಾಸ್ತಿ ಬಂತಲ್ಲೋ! ಮೋಸ ಇಲ್ದೇನೇ ಬಂತು! ಒಳ್ಳೇದೇ ಅಲ್ವೇನೋ? ಹೇಳೋ, ಒಳ್ಳೇದು ತಾನೇ?"

ಲಿಫ್ಟಿನಲ್ಲಿ ಇನ್ನೊಬ್ಬರಿಗೆ ಜಾಗವಿತ್ತು. "ನೀನು ಹೋಗಕ್ಕ, ಅವರ ಜೊತೆಗಿರು" ಎಂದು ಅವಳನ್ನು ಒಳಗೆ ನೂಕಿದೆ. ಬಾಗಿಲು ಮುಚ್ಚುವವರೆಗೂ ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು.