ತಲೆಗೆಷ್ಟು ಹೊಗೆ

ನಕ್ಷೆಯ ಈ ಕಂಬ ಪುಟದಲ್ಲಿ ಹಿಡಿಸುವುದೇ ಇಲ್ಲ, ಎಷ್ಟು ಕುಗ್ಗಿಸಿದರೂ ಮೇಲಿನ ಅಂಚನ್ನು ತೂರಿಕೊಂಡು ಹೋಗುತ್ತದೆ, ಪಕ್ಕದ್ದೋ ಗೋಧಿ ಕಾಳಿನಷ್ಟು, ಎರಡೂ ಆಫ್ರಿಕಾದ ದೇಶಗಳೇ, ಎಡಗಡೆಯದರಲ್ಲಿ ಸೌದೆ ಉರಿಸಿ ಬೇಯಿಸಿಕೊಳ್ಳುವ ಕೋಟಿಗಟ್ಟಲೆ ಜನ, ಬಲಗಡೆಯದರಲ್ಲಿ ಹಿಡಿಯಷ್ಟು ಜನ, ಬೇಕಾದಷ್ಟು ತೈಲ — ಇಡೀ ದೇಶದ ಹೊಗೆಯನ್ನು ಜನಸಂಖ್ಯೆಯಿಂದ ಭಾಗಿಸಿ, ತಲೆಗೆಷ್ಟು ಬಂತು ಅಂತ ಮಕ್ಕಳಿಗೆ ಒಂದೇ ನೋಟಕ್ಕೆ ಗೊತ್ತಾಗಬೇಕು, ಅಂದವರು ನಮ್ಮ ಪಠ್ಯಪುಸ್ತಕದ ಸಂಪಾದಕರು, ಎಲ್ಲಿ ಅಲ್ಪವಿರಾಮ ಕಂಡರೂ ಕೆಂಪು ಪೆನ್ನಿನಿಂದ ಕುಟುಕುವುದರಿಂದ ನಮ್ಮ ಬಾಯಲ್ಲಿ ಅಲ್ಪವಿರಾಮ ಮೇಷ್ಟ್ರು, ಈಗ ನನ್ನ ಕುರ್ಚಿಯ ಹಿಂದೆ ನಿಂತು ಇಣುಕುತ್ತಾರೆ, ಏನಮ್ಮಾ ಇದು, ಒಂದು ತಾಳೆಮರ ಒಂದು ಗರಿಕೆ, ಉದ್ದದ್ದನ್ನ ನಡುವೆ ಕತ್ತರಿಸಿ, ತುಂಡಾಗಿದೆ ಅಂತ ತಿಳಿಯೋ ಹಾಗೆ ಹಲ್ಲುಹಲ್ಲು ಗೆರೆ ಹಾಕಿಬಿಡಿ, ಸಂಜೆ ಅಚ್ಚಿಗೆ ಹೋಗಬೇಕು, ಯಾವ ಲೋಕದಲ್ಲಿದ್ದೀರಿ — ಬಲಗಡೆಯ ದೇಶದಲ್ಲಿ ಸಾರ್, ಅನ್ನಲಿಲ್ಲ, ಹಾಂ ಸಾರ್ ಅಂದೆ. ಅಲ್ಲಿ ನನ್ನ ತಮ್ಮ ಇದ್ದಾನೆ, ತೈಲಬಾವಿಯ ಬಿಡಾರದಲ್ಲಿ, ಪೈಪು ಬೆಸೆಯುವ ಕೆಲಸ, ಎರಡು ವರ್ಷವಾಯಿತು, ಐದು ದಿನದಿಂದ ಫೋನಿಲ್ಲ, ನಾನು ಮಾಡಿದರೆ ಹೋಗುವುದಿಲ್ಲ. ಭಾಗಿಸುವಾಗ ಅವನ ತಲೆಯನ್ನು ಲೆಕ್ಕಕ್ಕೆ ಹಿಡಿದಿದ್ದಾರೋ ಇಲ್ಲವೋ, ನಾವು ಹೊರಗಿನೋರು, ಇಲ್ಲಿ ಜನ ಅಂತ ಲೆಕ್ಕಕ್ಕಿಲ್ಲ ಅಕ್ಕಾ, ನಾವು ಬಿಡೋ ಹೊಗೆ ಮಾತ್ರ ಲೆಕ್ಕಕ್ಕಿದೆ, ಅಂತ ಹಲ್ಲು ಕಿರಿಯುತ್ತಿದ್ದ, ಅವನಿಗೆ ಎಲ್ಲದಕ್ಕೂ ನಗು, ಅಮ್ಮ ಬೈದರೂ ನಗು, ಕೈ ಸುಟ್ಟುಕೊಂಡರೂ ನಗು.

ಕಂಬಕ್ಕೆ ಕಿತ್ತಳೆ ಬಣ್ಣ ತುಂಬಿದ್ದೇನೆ, ಕೈ ತಾನಾಗಿ ಅತ್ತ ಹೋಯಿತು, ಅವನ ಕಿಟಕಿಯ ಬಣ್ಣವಲ್ಲವೇ ಇದು, ಕೆಲಸ ಮುಗಿಸಿ ವೀಡಿಯೊ ಫೋನು ಮಾಡಿದಾಗಲೆಲ್ಲ ಅವನ ಹಿಂದೆ ಕಿಟಕಿ ತುಂಬ ಇದೇ ಬೆಳಕು, ತೈಲದ ಜೊತೆ ಬಂದು ಮಿಕ್ಕ ಗ್ಯಾಸು ಸುಡುವ ಎತ್ತರದ ಕೊಳವೆಯದಂತೆ ಅದು, ಹಗಲೂ ಇರುಳೂ ಉರಿಯುವುದಂತೆ, ಒಂದು ಪರದೆ ಹಾಕ್ಕೊಳ್ಳೋ ಪುಣ್ಯಾತ್ಮ, ನಿದ್ದೆ ಹೇಗೆ ಬರುತ್ತೆ ಅಂದರೆ, ಇರಲಿ ಬಿಡೇ ಅಕ್ಕಾ, ಅದು ಉರೀತಿದ್ರೇನೇ ಕ್ಷೇಮ, ಆರಿದ್ರೆ ಆ ವಿಷದ ಗ್ಯಾಸು ಹಾಗೇ ಇಳಿದು ನೆಲ ಹಿಡಿದು ಬರುತ್ತೆ, ಕಣ್ಣಿಗೆ ಕಾಣಲ್ಲ, ಮೊದಲು ಕೊಳೆತ ಮೊಟ್ಟೆ ವಾಸನೆ, ಆಮೇಲೆ ವಾಸನೆನೂ ಇಲ್ಲ, ಮೂಗೇ ಸತ್ತೋಗುತ್ತಂತೆ, ನಮ್ಮ ಮೇಸ್ತ್ರಿ ಹೇಳ್ತಾನೆ. ಥೂ, ಬಿಡ್ತು ಅನ್ನೋ. ಬಿಡ್ತು.

ಬಣ್ಣ ಯಾಕಮ್ಮ, ಕಪ್ಪುಬಿಳುಪು ಅಚ್ಚು ಅಂತ ಹೇಳಿರಲಿಲ್ವಾ, ಕಪ್ಪು ಮಾಡಿ — ಮೇಷ್ಟ್ರು ಇನ್ನೂ ಹೋಗಿಲ್ಲ — ಕೀಲಿ ಒತ್ತಿದೆ, ಕಂಬ ಕತ್ತರಿಸಿ ಉಳಿದ ತುಂಡು ಚೌಕವಾಗಿ ನಿಂತಿತ್ತು, ಕಿತ್ತಳೆ ಹೋಗಿ ಕಪ್ಪಾಯಿತು, ಇದನ್ನು ನಾನು ನೋಡಿದ್ದೇನೆ, ಎಲ್ಲಿ, ಗುರುವಾರ, ತಮ್ಮನ ಫೋನಿನಲ್ಲಿ, ಮಹಡಿಯ ಟ್ಯಾಂಕು ಸೋರುವ ಕಥೆ ಹೇಳುತ್ತಿದ್ದೆ, ನಾನು ಬಾಯಿ ತೆರೆದರೆ ಮುಚ್ಚುವವಳಲ್ಲ, ಯಾಕೋ ತಲೆ ಭಾರ ಕಣಕ್ಕಾ ಅಂದ, ನೀರು ಕುಡಿದು ಮಲಗು ಅಂದೆ, ಮಧ್ಯಾಹ್ನದಿಂದ ಏನೋ ವಾಸನೆ ಇತ್ತು ಅಂದ, ಈಗ ಅಂದೆ, ಈಗ ಬರ್ತಿಲ್ಲ ಅಂದ, ಸದ್ಯ ಅಂದೆ — ಸದ್ಯ ಅಂದೆನಲ್ಲ — ಮತ್ತೆ ಟ್ಯಾಂಕಿನ ಕಥೆಗೆ ಹೋದೆ, ಫೋನಿಡುವ ಮುಂಚೆ ನಗುತ್ತ ಅಂದೆ, ಅಂತೂ ಪರದೆ ಹಾಕ್ಕೊಂಡೆಯಲ್ಲೋ, ಅವನು ತಿರುಗಿ ನೋಡಿದ, ತುಂಬ ನಿಧಾನವಾಗಿ ತಿರುಗಿದ, ಇಲ್ವಲ್ಲಕ್ಕಾ, ಪರದೆ ಎಲ್ಲಿದೆ, ಅಂದ, ನಗಲಿಲ್ಲ — ಏನಮ್ಮಾ, ಆಯ್ತಾ, ಅಚ್ಚಿಗೆ ಕಳಿಸಿ — ಹಿಂದಿನ ಬಣ್ಣಕ್ಕೆ, ಹಿಂದಿನದಕ್ಕೆ ಅಂತ ಒತ್ತುತ್ತೇನೆ, ಕಂಬ ಮತ್ತೆ ಕಿತ್ತಳೆಯಾಗುತ್ತದೆ, ಮತ್ತೆ ಮತ್ತೆ ಕಿತ್ತಳೆಯಾಗುತ್ತದೆ, ಅವನ ಹೆಗಲ ಹಿಂದೆ ಮಾತ್ರ ಪರದೆಯಿಲ್ಲದ ಕಿಟಕಿ, ಕಪ್ಪು, ನಾಲ್ಕು ಮೂಲೆಯ ತನಕ ಕಪ್ಪು, ಪರದೆಯಿಲ್ಲದ ಕಿಟಕಿ —