ರಕ್ತಪರೀಕ್ಷೆಯ ಹಿಂದಿನ ಸಂಜೆ

ನನ್ನ ಹಿರಿಯ ಮಗನನ್ನು ಕುಡಿತ ನುಂಗಿತು. ಹೊಟ್ಟೆ ಊದಿ, ಕಣ್ಣು ಹಳದಿಯಾಗಿ, ನನ್ನ ಮಡಿಲಲ್ಲೇ ಹೋದ. ಆಮೇಲೆ ನಮ್ಮ ಮನೆಯಲ್ಲಿ ಹೆಂಡದ ಹೆಸರೆತ್ತುವಂತಿರಲಿಲ್ಲ.

ಎರಡನೆಯ ಮಗು ಗಂಡಾಗಿ ಹುಟ್ಟಿ, ಈಗ ಹೆಣ್ಣಾಗಿ ಬಾಳುತ್ತಿದೆ. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವ ಕೆಲಸ. ಮೈ ಹೆಣ್ಣಿನದಾಗಲೆಂದು ಹಾರ್ಮೋನಿನ ಮಾತ್ರೆ ನುಂಗುತ್ತಾಳೆ. ಸಂಬಳದ ಸಂಜೆ ಜೊತೆಯವರೊಡನೆ ಕುಡಿಯುತ್ತಿದ್ದುದು ಕಳೆದ ಸಲದ ರಕ್ತಪರೀಕ್ಷೆಯಲ್ಲಿ ಕಾಣಿಸಿತು.

"ಮಾತ್ರೆ, ಹೆಂಡ ಎರಡನ್ನೂ ಅದೇ ಲಿವರ್ ಹೊರಬೇಕು," ಎಂದರು ಡಾಕ್ಟರು. "ಕುಡಿಯೋದು ಬಿಡಿ. ಮುಂದಿನ ಪರೀಕ್ಷೇಲೂ ಹೀಗೇ ಬಂದ್ರೆ ಮಾತ್ರೆ ನಿಲ್ಲಿಸ್ತೀನಿ."

ಅವಳು ಅಂದೇ ಬಿಟ್ಟಳು. ಪಕ್ಕದ ಕುರ್ಚಿಯಲ್ಲಿದ್ದ ನನ್ನ ಯಜಮಾನರೂ ಆ ಮಾತನ್ನು ಕಿವಿಗೊಟ್ಟು ಕೇಳಿದ್ದರು.

ಪರೀಕ್ಷೆಯ ಹಿಂದಿನ ಸಂಜೆ ಅವರು ಕೈಕಾಲು ತೊಳೆದು, ಪ್ರಾರ್ಥನೆ ಮುಗಿಸಿ, ಚೀಲದಿಂದ ಬಾಟಲಿ ತೆಗೆದು ಮೇಜಿನ ಮೇಲಿಟ್ಟರು. ಮುಚ್ಚಳ ತೆಗೆಯಲು ಬಾರದೆ ಒದ್ದಾಡಿದರು. ಅಳತೆ ತಿಳಿಯದೆ, ಹಾಲು ಬಗ್ಗಿಸುವಂತೆ ಎರಡು ಲೋಟದ ತುಂಬ ಬಗ್ಗಿಸಿದರು.

"ಬಾ ಮಗಳೇ, ಕೂತ್ಕೋ."

ಈವರೆಗೆ ಒಮ್ಮೆಯೂ ಅವರು ಅವಳನ್ನು ಹಾಗೆ ಕರೆದಿರಲಿಲ್ಲ. ಅವಳ ಮುಖ ಅರಳಿತು. ಕೂತಳು. ಕೈ ಲೋಟಕ್ಕೆ ಹೋಯಿತು.

"ಮುಟ್ಬೇಡ ಕಣೇ," ಎಂದೆ. "ನಾಳೆ ನಿನ್ನ ಮಾತ್ರೆ ನಿಲ್ಲಲಿ ಅಂತ ತಂದಿದ್ದಾರೆ."

"ನೀನು ಸುಮ್ನಿರು. ಅಪ್ಪ ಮಗಳ ಮಧ್ಯೆ ನಿಂದೇನು?"

"ಹೌದೇನಪ್ಪಾ?" ಎಂದಳು. ಕೈ ಇನ್ನೂ ಲೋಟದ ಮೇಲಿತ್ತು.

"ಒಂದು ಲೋಟಕ್ಕೆ ಯಾರೂ ಸಾಯಲ್ಲ."

"ಅಣ್ಣನೂ ಇದನ್ನೇ ಹೇಳ್ತಿದ್ದ."

ಅವರು ಮುಖ ತಿರುಗಿಸಿದರು. "ಮಾತ್ರೆ ನಿಂತ್ರೆ ಮೀಸೆಯಾದ್ರೂ ಬರುತ್ತೆ. ಒಬ್ಬ ಮಗನಾದ್ರೂ ನಂಗೆ ಉಳೀಲಿ."

"ಲಿವರ್ ಹೋದ್ರೆ ಹೆಣಕ್ಕೆ ಬರುತ್ತೆ ಮೀಸೆ. ಚೆನ್ನಾಗಿ ತಿದ್ದಿ ಮಲಗಿಸು." ಲೋಟವನ್ನು ಅವರ ಕಡೆಗೆ ತಳ್ಳಿದಳು. "ಕರೆದದ್ದೂ ಕರೆದೆ, ವಿಷ ಇಟ್ಕೊಂಡೇ ಕರೆಯಬೇಕಿತ್ತಾ?"

ಅವರ ಎದುರಿಗೇ ನಿಂತು, ನೀರಿನೊಡನೆ ಮಾತ್ರೆ ನುಂಗಿ, ಒಳಗೆ ಹೋಗಿ ಚಿಲಕ ಹಾಕಿಕೊಂಡಳು.

ಬಾಟಲಿಯನ್ನು ನಾನೇ ಬಚ್ಚಲಿಗೆ ಸುರಿದೆ. ಅದರ ನಾತಕ್ಕೆ ಹಿರಿಯವನ ಕೊನೆಯ ದಿನಗಳೆಲ್ಲ ಮೂಗಿಗೆ ಬಂದವು. ಈ ಮನುಷ್ಯನನ್ನು ದೇವರು ಬೇಕಾದರೆ ಕ್ಷಮಿಸಲಿ, ನನ್ನಿಂದಾಗದು.

ಬೆಳಿಗ್ಗೆ ರಕ್ತ ಕೊಡಲು ಹೊರಟಾಗ ಅವರು ಹೊಸ್ತಿಲ ಮೇಲೆ ಅಡ್ಡ ಕೂತಿದ್ದರು.

"ಏಳಿ," ಎಂದೆ.

ಏಳಲಿಲ್ಲ. ನಾನು ಸೀರೆ ಎತ್ತಿಕೊಂಡು ದಾಟಿದೆ. ಅವಳು ನನ್ನ ಕೈ ಹಿಡಿದು ದಾಟಿದಳು.